ಮೊಳಕೆ ಕಟ್ಟೋದು ಯಾಕೆ, ಕೊಲ್ಲೋದು ಯಾಕೆ?

ಹೊಸದುರ್ಗ, ಹೊಳಲ್ಕೆರೆ, ಹಿರಿಯೂರು ಕಡೆಯವರಿಗೆ ರಾಗಿ ಮೊಳಕೆ ಕಟ್ಟೋದನ್ನ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ರಾತ್ರಿ ನೆನೆಹಾಕಿ, ಎರಡು ದಿನ ಒದ್ದೆ ಬಟ್ಟೆಯಲ್ಲಿ ಕಟ್ಟಿ, ಒಣಗಿಸುತ್ತೇವೆ. ಆಮೇಲೆ ಮಾಡೋದೇನು? ಘಮ್ಮನ್ನಲಿ ಅಂತ ಕೆಂಪಗೆ ಹುರಿದು ಬೀಸಿಸಿ, ಆ ಹಿಟ್ಟನ್ನ ಕುದಿಯೋ ನೀರಿಗೆ ಸುರಿಯುತ್ತೇವೆ. ಮೂರು ದಿನದ ಮೊಳಕೆಯ ಮುಖ್ಯ ಲಾಭ ಅಲ್ಲಿಗೆ ಹೋಯ್ತು!

ಮೊಳಕೆಯೊಡೆದ ಕಾಳಿನಲ್ಲಿ ಅಮೈಲೇಸ್ ಅನ್ನೋ ಕಿಣ್ವ ಹೆಚ್ಚುತ್ತೆ. ಪಿಷ್ಟವನ್ನು ಒಡೆದು ಸಕ್ಕರೆ ಮಾಡೋದು ಅದರ ಕೆಲಸ. 60ರಿಂದ 70 ಡಿಗ್ರಿ ಶಾಖದಲ್ಲಿ ಅದು ಚುರುಕು, ಕುದಿಗೆ ಸಾಯುತ್ತೆ. ಬಾರ್ಲಿಯಿಂದ ಬಿಯರ್ ಮಾಡುವವರು ಥರ್ಮಾಮೀಟರ್ ಹಿಡಿದು ಕಾಯೋದು ಇದಕ್ಕೇ. ಬಿಯರಿಗೆ ತೋರಿಸುವ ಶ್ರದ್ಧೆಯನ್ನ ಮಗುವಿನ ರಾಗಿ ಸರಿಗೆ ತೋರಿಸಬಾರದೆ?

"ಗಟ್ಟಿಯಾಗಿದ್ರೇನೇ ಸತ್ವ" ಅನ್ನುವವರಿದ್ದಾರೆ. ಆದರೆ ಗಟ್ಟಿ ಸರಿ ಕೂಸಿನ ಗಂಟಲಲ್ಲಿ ಇಳಿಯಲ್ಲ. ನೀರು ಬೆರೆಸಿದರೆ ಪುಟ್ಟ ಹೊಟ್ಟೆ ನೀರಿನಿಂದಲೇ ತುಂಬುತ್ತೆ. ಇದಕ್ಕೆ ದಾರಿಯನ್ನ ಬರೋಡಾದ ಪೋಷಣಾ ವಿಜ್ಞಾನಿ ತಾರಾ ಗೋಪಾಲ್‌ದಾಸ್ ಮತ್ತವರ ಸಂಗಡಿಗರು 1980ರ ದಶಕದಲ್ಲೇ ತೋರಿಸಿದ್ದಾರೆ. ಮಾಮೂಲಿ ರಾಗಿ ಹಿಟ್ಟಿನ ಸರಿಯನ್ನ ಗಟ್ಟಿಯಾಗಿ ಬೇಯಿಸಿ ಇಳಿಸಿ. ಕುದಿ ನಿಂತು ಹಬೆಯಾಡುವಾಗ, ಹುರಿಯದ ಮೊಳಕೆ ಹಿಟ್ಟು ಒಂದು ಚಮಚ ಕಲಸಿ ಮುಚ್ಚಿಡಿ. ಹತ್ತು ನಿಮಿಷದಲ್ಲಿ, ನೀರು ಸೇರಿಸದೆಯೇ, ತೆಳ್ಳಗಾಗುತ್ತೆ. ಕೊನೆಗೊಮ್ಮೆ ಕುದಿಸಿ, ಆರಿಸಿ ತಿನ್ನಿಸಿ. ಅದೇ ಬಟ್ಟಲು, ಕಾಳು ಮಾತ್ರ ಜಾಸ್ತಿ.

ಮನೆಯ ಮೊಳಕೆಯನ್ನ ನಾವೇ ಕೊಂದು, ಸಕ್ಕರೆ ತುಂಬಿದ ಅಂಗಡಿ ಡಬ್ಬಿಗೆ ದುಡ್ಡು ಸುರಿಯೋದು ಯಾವ ಜಾಣತನ ಸ್ವಾಮಿ?