ವಯಸ್ಸಿನ ಹುಡುಗಾಟವೋ, ಕುಡಿತದ ಕಾಯಿಲೆಯೋ?

‘ವಯಸ್ಸಿನ ಹುಡುಗ, ಗೆಳ್ಯಾರ ಜೋಡಿ ಸ್ವಲ್ಪ ತೊಗೊಂಡಾನ, ಬಿಡ್ರಿ.’ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯ ಮನೆಗಳಲ್ಲಿ ಈ ಮಾತು ಕೇಳದವರು ಕಡಿಮೆ. ಭತ್ತ ಮಾರಿ ಕೈಯಲ್ಲಿ ರೊಕ್ಕ ಆಡುವಾಗ, ಹೋಳಿಯ ದಿನ, ಗೆಳೆಯನ ಮದುವೆ ಮೆರವಣಿಗೆಯ ರಾತ್ರಿ ಮಗ ಕುಡಿದು ಬಂದರೆ ಅಪ್ಪ ಬೈಯುತ್ತಾನೆ, ಅವ್ವ ಮಜ್ಜಿಗೆ ಕೊಟ್ಟು ಮಲಗಿಸುತ್ತಾಳೆ. ಬೆಳಗಾದ ಮೇಲೆ ಎಲ್ಲರೂ ಮರೆಯುತ್ತಾರೆ. ಕೆಲವು ಮನೆಗಳಲ್ಲಿ ಆ ಹುಡುಗ ಒಂದೆರಡು ವರ್ಷದಲ್ಲಿ ತಾನೇ ಬಿಟ್ಟಿರುತ್ತಾನೆ. ಇನ್ನು ಕೆಲವು ಮನೆಗಳಲ್ಲಿ ಮೂವತ್ತು ತುಂಬುವಷ್ಟರಲ್ಲಿ ಹೊಲ ಅಡ ಇಟ್ಟಿರುತ್ತಾನೆ. ಯಾವುದು ಹುಡುಗಾಟ, ಯಾವುದು ಕಾಯಿಲೆ ಅಂತ ಮೊದಲೇ ಗುರುತಿಸೋದು ಹೇಗೆ?

ಸಾಮಾನ್ಯವಾಗಿ ಮನೆಗಳಲ್ಲಿ ಗದ್ದಲ ನೋಡಿ ಅಳೆಯುತ್ತಾರೆ. ಬೀದಿಯಲ್ಲಿ ಬಿದ್ದವನು ಕುಡುಕ, ಸುಮ್ಮನೆ ಉಂಡು ಮಲಗಿದವನು ಒಳ್ಳೆಯವನು. ನನ್ನ ಪ್ರಕಾರ ಈ ಅಳತೆಯೇ ಸರಿಯಲ್ಲ. ವರ್ಷಕ್ಕೆ ಎರಡು ಸಲ ಕುಡಿದು ಡಿಜೆ ಮುಂದೆ ಕುಣಿದು ಮಾನ ಕಳೆಯುವ ಹುಡುಗನಿಗಿಂತ, ದಿನಾ ಕತ್ತಲಾಗುತ್ತಲೇ ಒಬ್ಬನೇ ಕುಡಿದು ಸದ್ದಿಲ್ಲದೆ ಮಲಗುವವನ ಬಗ್ಗೆ ಹೆಚ್ಚು ಚಿಂತೆ ಮಾಡಬೇಕು. ನೋಡಬೇಕಾದ್ದು ಮುಖ್ಯವಾಗಿ ಒಂದು: ಕುಡಿತದಿಂದ ಏನಾದರೂ ಕಳೆದುಕೊಂಡಾಗ ಅವನು ಏನು ಮಾಡುತ್ತಾನೆ? ಬೈಕಿನಿಂದ ಬಿದ್ದು ಕೈ ಮುರಿದಾಗ, ಪರೀಕ್ಷೆಯಲ್ಲಿ ಫೇಲಾದಾಗ, ಕೆಲಸ ಹೋದಾಗ ಹುಡುಗಾಟದವನು ಹೆದರಿ ಕಡಿಮೆ ಮಾಡುತ್ತಾನೆ. ಕಾಯಿಲೆಗೆ ಬಿದ್ದವನು ಗೆಳೆಯರನ್ನು ಬದಲಿಸುತ್ತಾನೆ, ಕುಡಿಯುವ ಜಾಗ ಬದಲಿಸುತ್ತಾನೆ. ಕುಡಿತ ಮಾತ್ರ ಬಿಡುವುದಿಲ್ಲ.

ಹಾಗಂತ ಹುಡುಗಾಟದಲ್ಲಿ ಅಪಾಯವಿಲ್ಲ ಅಂತಲ್ಲ. ‘ಬರೀ ಒಂದು ಕ್ವಾರ್ಟರ್’ ಅನ್ನುತ್ತಾರಲ್ಲ, ಆ 180 ಮಿ.ಲೀ. ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಒಂದೇ ಸಲಕ್ಕೆ ಅಷ್ಟು ಕುಡಿದರೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆ ಅತಿಯಾದ ಕುಡಿತ ಎಂದೇ ಲೆಕ್ಕ ಹಾಕುತ್ತದೆ. ಅಷ್ಟು ಕುಡಿದು ರಾತ್ರಿ ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರಿಗೆ ಬೈಕ್ ಓಡಿಸುವವನಿಗೆ ಕಾಯಿಲೆ ಇರಬೇಕೆಂದೇನಿಲ್ಲ, ಒಂದು ಲಾರಿ ಸಾಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಪ್ರಕಾರ ಕುಡಿದು ಗಾಡಿ ಓಡಿಸಿ ಮೊದಲ ಸಲ ಸಿಕ್ಕಿಬಿದ್ದರೂ 10,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಹುಡುಗನ ಜೊತೆ ಜಗಳವಾದರೂ ಪರವಾಗಿಲ್ಲ, ಗಾಡಿ ಕೀಲಿ ಕಸಿದುಕೊಳ್ಳಿ.

ಗಮನಿಸಬೇಕಾದ ಗುರುತುಗಳು

* ಮೊದಲು 90ರ ಒಂದು ಪ್ಯಾಕೆಟ್ ಸಾಕಾಗುತ್ತಿತ್ತು, ಈಗ ಎರಡು ಸಾಲದು. ‘ನಮ್ಮವ ಎಷ್ಟು ಕುಡಿದ್ರೂ ತೂರಾಡಂಗಿಲ್ಲ’ ಅಂತ ಹೆಮ್ಮೆ ಪಡಬೇಡಿ. ದೇಹ ಅದಕ್ಕೆ ಒಗ್ಗಿಹೋಗಿದೆ ಅಂತ ಅದರ ಅರ್ಥ.
* ಬೆಳಿಗ್ಗೆ ಚಹಾದ ಕಪ್ಪು ಹಿಡಿದರೆ ಕೈ ನಡುಗುತ್ತದೆ, ಬೆವರು, ಸಿಡುಕು. ಸ್ವಲ್ಪ ಕುಡಿದ ಮೇಲೆ ಸರಿಹೋಗುತ್ತದೆ. ಇದು ಸ್ಪಷ್ಟ ಸೂಚನೆ.
* ‘ಇವತ್ತು ಇಷ್ಟೇ’ ಅಂತ ತಾನೇ ಹಾಕಿಕೊಂಡ ಗೆರೆ ಮತ್ತೆ ಮತ್ತೆ ದಾಟುತ್ತಾನೆ.
* ಕ್ರಿಕೆಟ್, ಸಿನಿಮಾ, ಅಕ್ಕನ ಮನೆಗೆ ಹೋಗೋದು, ಹೀಗೆ ಮೊದಲು ಇಷ್ಟವಾಗಿದ್ದದ್ದೆಲ್ಲ ಒಂದೊಂದಾಗಿ ಬಿಟ್ಟಿದ್ದಾನೆ.
* ಬಾಟಲಿ ಬಚ್ಚಿಡುವುದು, ಲೆಕ್ಕ ಸಿಗದ ಸಾಲ, ಮನೆಯಿಂದ ಕಾಣೆಯಾಗುವ ಸಾಮಾನು.

ವೈದ್ಯರು 1984ರಿಂದಲೂ ಬಳಸುತ್ತಿರುವ ನಾಲ್ಕು ಸರಳ ಪ್ರಶ್ನೆಗಳಿವೆ. ಕುಡಿತ ಕಡಿಮೆ ಮಾಡಬೇಕು ಅಂತ ಅನ್ನಿಸಿದೆಯೇ? ಬೇರೆಯವರು ಹೇಳಿದರೆ ಸಿಟ್ಟು ಬರುತ್ತದೆಯೇ? ಕುಡಿದದ್ದಕ್ಕೆ ನಾಚಿಕೆ, ಪಶ್ಚಾತ್ತಾಪ ಆಗಿದೆಯೇ? ಬೆಳಿಗ್ಗೆ ಎದ್ದ ಕೂಡಲೇ ಕುಡಿದದ್ದುಂಟೇ? ಎರಡಕ್ಕೆ ‘ಹೌದು’ ಬಂದರೆ ವೈದ್ಯರ ಬಳಿ ಕರೆದೊಯ್ಯಬೇಕು. ಚಿಕ್ಕ ವಯಸ್ಸಿನವನಾದರೆ ಒಂದು ‘ಹೌದು’ ಬಂದರೂ ಅಲಕ್ಷ್ಯ ಬೇಡ. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಪ್ರಕಾರ, 15 ತುಂಬುವ ಮುಂಚೆ ಕುಡಿಯಲು ಶುರುಮಾಡಿದವರು ಚಟಕ್ಕೆ ಬೀಳುವ ಸಾಧ್ಯತೆ, 20 ದಾಟಿದ ಮೇಲೆ ಶುರುಮಾಡಿದವರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು.

ಮದುವೆ ಔಷಧಿಯಲ್ಲ

ನಮ್ಮ ಕಡೆ ಇದಕ್ಕೆ ಎಲ್ಲರ ಬಾಯಲ್ಲೂ ಒಂದು ಪರಿಹಾರ ಇದ್ದೇ ಇರುತ್ತದೆ: ‘ಲಗ್ನ ಮಾಡ್ರಿ, ಹೆಣ್ಣು ಬಂದ್ರ ಸರಿ ಹೋಗ್ತಾನ.’ ಇದನ್ನು ನಾನು ಖಂಡಿತ ಒಪ್ಪುವುದಿಲ್ಲ. ಹುಡುಗಾಟದ ಹುಡುಗ ಜವಾಬ್ದಾರಿ ಬಂದಾಗ ತಿದ್ದಿಕೊಂಡಾನು. ಆದರೆ ಕಾಯಿಲೆ ಬಿದ್ದವನಿಗೆ ಇಪ್ಪತ್ತೆರಡರ ಹುಡುಗಿಯನ್ನು ಕಟ್ಟಿದರೆ ಕಾಯಿಲೆ ಹಾಗೇ ಉಳಿಯುತ್ತದೆ, ಅದನ್ನು ಅನುಭವಿಸುವವರಲ್ಲಿ ಒಬ್ಬಳು ಹೆಚ್ಚಾಗುತ್ತಾಳೆ ಅಷ್ಟೇ. ಮೇಲಾಗಿ ‘ಗಂಡನ್ನ ಹಿಡಿತದಾಗ ಇಟ್ಕೊಳ್ಳಾಕ ಬರಲಿಲ್ಲ’ ಅನ್ನುವ ಮಾತೂ ಅವಳ ತಲೆಗೇ. ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತರೂ ಕುಡಿತ ನಿಲ್ಲಲಿಲ್ಲ. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸುಮಾರು 200 ಕಿ.ಮೀ. ನಡೆದ ಹೆಣ್ಣುಮಕ್ಕಳಲ್ಲಿ ನಮ್ಮ ರಾಯಚೂರು ಜಿಲ್ಲೆಯವರೂ ಇದ್ದರು. ಕುಡಿಯುವವರ ಮನೆಯಲ್ಲಿ ಬಾಳ್ವೆ ಮಾಡಿದವರ ನೋವು ಎಂಥದ್ದು ಅಂತ ತಿಳಿಯಲು ಇನ್ನೇನು ಬೇಕು? ಗಂಡಿನ ತಾಯಿಯಾದವಳು ಮೊದಲು ಮಗನಿಗೆ ಚಿಕಿತ್ಸೆ ಕೊಡಿಸಲಿ, ಆಮೇಲೆ ಹೆಣ್ಣು ನೋಡಲಿ. ಹೆಣ್ಣಿನ ತಾಯಿ ಎಕರೆ ಎಷ್ಟು ಅಂತ ಕೇಳುವ ಹಾಗೆ ಇದನ್ನೂ ಕೇಳಲಿ.

ಮಾಡಬೇಕಾದ್ದು, ಮಾಡಬಾರದ್ದು

ಕುಡಿದು ಬಂದ ರಾತ್ರಿ ಜಗಳ ಬೇಡ. ಬೆಳಿಗ್ಗೆ, ಮತ್ತಿಳಿದ ಮೇಲೆ ಮಾತಾಡಿ. ನೀವು ಕಣ್ಣಾರೆ ಕಂಡದ್ದನ್ನೇ ಹೇಳಿ: ‘ಈ ವಾರ ನಾಲ್ಕು ದಿನ ಕುಡ್ದಿ, ಎರಡು ದಿನ ಕೆಲಸಕ್ಕ ಹೋಗಲಿಲ್ಲ.’ ಅವನ ಸಾಲ ತೀರಿಸುವುದು, ಮಾಲೀಕರಿಗೆ ‘ಜ್ವರ ಬಂದದ’ ಅಂತ ಸುಳ್ಳು ಹೇಳುವುದನ್ನು ನಿಲ್ಲಿಸಿ.

ದಿನಾ ಹೆಚ್ಚು ಕುಡಿಯುವವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಲು ಹೋಗಬೇಡಿ. ಎರಡು ಮೂರು ದಿನದೊಳಗೆ ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೂ ಅಪಾಯವಾಗಬಹುದು. ವೈದ್ಯರ ಕಣ್ಣೆದುರೇ ಬಿಡಿಸಬೇಕು. ಸಾರಿನಲ್ಲಿ, ಚಹಾದಲ್ಲಿ ಗೊತ್ತಾಗದ ಹಾಗೆ ‘ಕುಡಿತ ಬಿಡಿಸುವ ಮಾತ್ರೆ’ ಬೆರೆಸುವುದಂತೂ ಬೇಡವೇ ಬೇಡ. ಡೈಸಲ್ಫಿರಾಮ್‌ನಂಥ ಮಾತ್ರೆ ಹೊಟ್ಟೆಯಲ್ಲಿರುವಾಗ ಕುಡಿದರೆ ವಾಂತಿಯಾಗಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಕುತ್ತಾಗಬಹುದು. ಅವನಿಗೆ ತಿಳಿಸಿ, ಅವನ ಒಪ್ಪಿಗೆಯಿಂದ, ವೈದ್ಯರೇ ಕೊಡಬೇಕಾದ ಔಷಧಿ ಅದು.

ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಆಮೇಲೆ ರಾಯಚೂರಿನ ರಿಮ್ಸ್ ಇದೆ, ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮನಸ್ಸಿನ ಸಮಸ್ಯೆಗೆ ಟೆಲಿ ಮಾನಸ್ 14416. ಎರಡಕ್ಕೂ ದುಡ್ಡಿಲ್ಲ. ಅವನು ಬರಲು ಒಪ್ಪದಿದ್ದರೆ ನೀವೇ ಫೋನ್ ಮಾಡಿ ಕೇಳಿ. ಮಗನಿಗೆ ಸಕ್ಕರೆ ಕಾಯಿಲೆ ಬಂದಿದ್ದರೆ ನಾಲ್ಕು ಜನ ಏನಂದಾರು ಅಂತ ಕಾಯುತ್ತಿದ್ದಿರಾ? ಇದಕ್ಕೂ ಕಾಯಬೇಡಿ.