ಮದ್ಯ, ಮರೆವು ಮತ್ತು ‘ಅರಳುಮರಳು’

ಅರವತ್ತು ದಾಟಿದ ಸುಶಿಕ್ಷಿತರ ವಲಯದಲ್ಲಿ ಒಂದು ವಾದ ಬಹು ಮರ್ಯಾದೆಯಿಂದ ಓಡಾಡುತ್ತಿದೆ: ರಾತ್ರಿಯೂಟಕ್ಕೆ ಮುನ್ನ ಮಿತವಾಗಿ ಮದ್ಯ ಸೇವಿಸಿದರೆ ರಕ್ತಸಂಚಾರ ಸುಗಮವಾಗಿ ನೆನಪಿನ ಶಕ್ತಿ ಉಳಿಯುತ್ತದೆಯಂತೆ. ಈ ‘ಮಿತ’ವನ್ನೇ ಮೊದಲು ಅಳೆಯೋಣ.

ನಮ್ಮಲ್ಲಿ ಮಾರಾಟವಾಗುವ ವಿಸ್ಕಿಯಲ್ಲಿ ಮದ್ಯಸಾರ ಸಾಮಾನ್ಯವಾಗಿ ಶೇ. 42.8. ದಿನಕ್ಕೆ 60 ಮಿಲಿಲೀಟರಿನ ಒಂದು ‘ಲಾರ್ಜ್’ ಎಂದರೆ ಬ್ರಿಟಿಷ್ ಲೆಕ್ಕದಲ್ಲಿ ವಾರಕ್ಕೆ ಸುಮಾರು 18 ಯೂನಿಟ್. 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಅಧ್ಯಯನವೊಂದು, ಲಂಡನ್ನಿನ ಸರಕಾರಿ ನೌಕರರ ಪೈಕಿ 550 ಮಂದಿಯ ಮೂವತ್ತು ವರ್ಷಗಳ ಸೇವನೆಯ ವಿವರವನ್ನು ಅವರ ಮಿದುಳಿನ ಚಿತ್ರಗಳೊಡನೆ ಹೋಲಿಸಿ ನೋಡಿತು. ಅವರು ವ್ಯಸನಿಗಳಲ್ಲ. ಆದರೂ ವಾರಕ್ಕೆ 14ರಿಂದ 21 ಯೂನಿಟ್ ಕುಡಿದವರಲ್ಲಿ, ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಬಲಬದಿಯಲ್ಲಿ ಕುಗ್ಗಿರುವ ಸಂಭವ ಕುಡಿಯದವರಿಗಿಂತ ಮೂರು ಪಟ್ಟಿತ್ತು. ತೀರ ಕಡಿಮೆ ಕುಡಿದವರಿಗೂ ಯಾವ ರಕ್ಷಣೆಯೂ ಕಾಣಲಿಲ್ಲ.

ಸ್ವಲ್ಪ ಕುಡಿಯುವವರಿಗೆ ಡಿಮೆನ್ಷಿಯಾ ಕಡಿಮೆ ಎನ್ನುವ ಅಧ್ಯಯನಗಳಿಲ್ಲವೇ? ಇವೆ. ಆದರೆ ‘ಕುಡಿಯದವರು’ ಎಂಬ ಗುಂಪಿನಲ್ಲಿ ಕಾಯಿಲೆ ಬಂದು ಬಿಟ್ಟವರೂ ಸೇರಿರುತ್ತಾರೆ. ಅವರ ಕಾಯಿಲೆಯನ್ನು ಸಂಯಮದ ತಲೆಗೆ ಕಟ್ಟುವುದು ಯಾವ ನ್ಯಾಯ? 2025ರಲ್ಲಿ ಪ್ರಕಟವಾದ, ಐದೂವರೆ ಲಕ್ಷಕ್ಕೂ ಮೀರಿದ ಜನರ ಸಮೀಕ್ಷೆಯಲ್ಲಿಯೂ ಮೇಲುನೋಟಕ್ಕೆ ಈ ಲಾಭ ಕಂಡಿತು. ಅದೇ ಸಂಶೋಧಕರು ವಂಶವಾಹಿಗಳ ಜಾಡು ಹಿಡಿದು ಪರೀಕ್ಷಿಸಿದಾಗ ಮಾಯವಾಯಿತು.

ಇಷ್ಟು ಕೇಳಿದೊಡನೆ ‘ನಮ್ಮ ಆಚಾರ್ಯರು ಆಗಲೇ ಹೇಳಿರಲಿಲ್ಲವೇ’ ಎಂದು ಬೀಗುವ ಸಹಧರ್ಮಿಗಳಿದ್ದಾರೆ. ಅದೂ ಸಲ್ಲದು. ಸಮಂತಭದ್ರರು ಶ್ರಾವಕನ ಮೂಲಗುಣಗಳಲ್ಲಿ ಮದ್ಯತ್ಯಾಗವನ್ನು ಎಣಿಸಿದ್ದು ಮಿದುಳಿನ ಗಾತ್ರವನ್ನು ನೋಡಿಯಲ್ಲ. ಆದರೆ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ‘ಗೊಮ್ಮಟಸಾರ’ದ ಉಪಮೆಯೊಂದನ್ನು ಇಲ್ಲಿ ನೆನೆಯಬೇಕು. ಜ್ಞಾನಾವರಣೀಯ ಕರ್ಮಕ್ಕೆ ಅವರು ಕೊಟ್ಟ ಹೋಲಿಕೆ ತೆರೆಯದು. ಮದ್ಯದ ಹೋಲಿಕೆ ಸಂದದ್ದು ಮೋಹನೀಯಕ್ಕೆ. ತೆರೆ ವಸ್ತುವನ್ನು ಮರೆಮಾಡುತ್ತದೆ, ಅಷ್ಟೆ. ಮದ್ಯವಾದರೋ ತಪ್ಪಾಗಿ ಕಂಡದ್ದನ್ನೇ ಸರಿಯೆಂದು ನಂಬಿಸುತ್ತದೆ. ಮಿತಿಯನ್ನು ನಿರ್ಣಯಿಸಬೇಕಾದ ವಿವೇಕವನ್ನೇ ಮೊದಲು ಕೆಡಿಸುವ ವಸ್ತುವಿಗೆ ಮಿತಿಯನ್ನು ಕಾವಲಿಡುವುದು ಹೇಗೆ?

ವಯಸ್ಸಾದಂತೆ ದೇಹದ ನೀರಿನಂಶ ತಗ್ಗುವುದರಿಂದ ಹಳೆಯ ಪ್ರಮಾಣವೇ ಹೆಚ್ಚಿನ ಅಮಲು ತರುತ್ತದೆ. ಜೊತೆಗೆ ನಿದ್ರೆಮಾತ್ರೆಯಿದ್ದರೆ ಕೇಳುವುದೇ ಬೇಡ. ಹೆಜ್ಜೆ ತಪ್ಪುತ್ತದೆ, ಮಾತು ತೊಡರುತ್ತದೆ. ಅರವತ್ತಕ್ಕೆ ಅರಳುಮರಳು ಎಂದು ಮನೆಯವರು ಸುಮ್ಮನಾಗುತ್ತಾರೆ. ಈ ಗಾದೆಯಷ್ಟು ಅಪಾಯಕಾರಿಯಾದುದು ಈ ಪ್ರಸಂಗದಲ್ಲಿ ಬೇರೊಂದಿಲ್ಲ. ಬಹುಕಾಲ ವಿಪರೀತ ಕುಡಿದವರಲ್ಲಿ ಥಯಮಿನ್ ಎಂಬ ಬಿ1 ಜೀವಸತ್ವದ ಕೊರತೆಯಿಂದ ಹುಟ್ಟುವ ಗೊಂದಲ, ತೂರಾಟ, ಕಣ್ಣಿನ ಚಲನೆಯ ದೋಷ ಇವು ವೃದ್ಧಾಪ್ಯದ ಸಹಜ ಲಕ್ಷಣಗಳಲ್ಲ. ಬೇಗ ಗುರುತಿಸಿ ಚುಚ್ಚುಮದ್ದಿನ ಮೂಲಕ ಥಯಮಿನ್ ಕೊಟ್ಟರೆ ಚೇತರಿಕೆ ಸಾಧ್ಯ. ತಡವಾದರೆ ಹೊಸ ನೆನಪು ನಿಲ್ಲದ ಕೊರ್ಸಕಾಫ್ ಸ್ಥಿತಿ ಉಳಿದುಬಿಡಬಹುದು. ವೈದ್ಯರು ಕೇಳಿದಾಗಲೂ ಹಿರಿಯರ ಮಾನ ಕಾಯಲೆಂದು ಕುಡಿತವನ್ನು ಮುಚ್ಚಿಡುವವರುಂಟು. ಮದ್ಯತ್ಯಾಗವನ್ನು ಕುಲಾಚಾರವೆಂದು ಹೇಳಿಕೊಳ್ಳುವ ನಮ್ಮಂಥ ಮನೆಗಳಲ್ಲಿ ಆ ಮೌನ ಇನ್ನಷ್ಟು ಗಟ್ಟಿ.