ಮೊದಲು ಮಕ್ಕಳ ನಿದ್ದೆ ಹಿಂದಿರುಗಿಸಿ

ಕಳೆದ ತಿಂಗಳು ನಮ್ಮ ಬಡಾವಣೆಯ ಸಭಾಂಗಣದಲ್ಲಿ ಒಂದು ಉಪನ್ಯಾಸ ನಡೆಯಿತು. ವಿಷಯ, ತರುಣರ ಮಾನಸಿಕ ಆರೋಗ್ಯ. ಉಪನ್ಯಾಸಕರು ಒಳ್ಳೆಯ ಮಾತುಗಾರರು. "ನಿಮ್ಮ ಮನಸ್ಸಿನ ಆರೈಕೆಯನ್ನು ನೀವೇ ಮಾಡಿಕೊಳ್ಳಬೇಕು" ಎಂದು ಅವರು ಮುಂದಿನ ಸಾಲಿನ ಹುಡುಗ ಹುಡುಗಿಯರಿಗೆ ಅಪ್ಪಣೆ ಕೊಡಿಸುತ್ತಿದ್ದ ಹೊತ್ತಿಗೆ ಸರಿಯಾಗಿ, ನಮ್ಮ ನೆರೆಮನೆಯ ಪಿ.ಯು.ಸಿ. ಹುಡುಗಿ ಕುಳಿತಲ್ಲೇ ತೂಕಡಿಸಿ ಪಕ್ಕದವಳ ಹೆಗಲ ಮೇಲೆ ವಾಲಿದಳು. ಹಿರಿಯರೆಲ್ಲ ನಕ್ಕರು. ನಾನೂ ನಕ್ಕೆ.

ಮನೆಗೆ ಮರಳುವಾಗ ಅವಳ ದಿನಚರಿಯನ್ನು ಕೇಳಿದೆ. ಏಳುವುದು ನಾಲ್ಕೂವರೆಗೆ. ಐದೂವರೆಗೆ ಲೆಕ್ಕದ ಟ್ಯೂಷನ್. ಅಲ್ಲಿಂದ ಕಾಲೇಜು. ಸಂಜೆ ಎಂಟರವರೆಗೆ ಪ್ರವೇಶ ಪರೀಕ್ಷೆಯ ಕೋಚಿಂಗ್. ಊಟವಾದ ಮೇಲೆ ಬರೆಯುವ ಕೆಲಸ, ಮಲಗುವುದು ಹನ್ನೊಂದೂವರೆಗೆ. "ರಜೆ ಬಂದರೆ ಏನು ಮಾಡುತ್ತೀಯಮ್ಮ?" ಎಂದೆ. "ಮಲಗುತ್ತೇನೆ ಅಂಕಲ್" ಎಂದಳು. ನನ್ನ ನಗು ಅಲ್ಲಿಗೆ ಇಳಿಯಿತು. ಆ ಐದೂವರೆಯ ಟ್ಯೂಷನ್ನಿನ ವಿಳಾಸವನ್ನು ಅವಳ ತಂದೆಗೆ ಕೊಟ್ಟವನು ನಾನೇ.

ಲೆಕ್ಕ ಹಾಕಿ ನೋಡಿ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ದೆ ಬೇಕೆಂದು ವೈದ್ಯರು ಹೇಳುತ್ತಾರೆ. ಈ ಹುಡುಗಿಗೆ ಸಿಗುವುದು 5. ಕಡಿಮೆಯೆಂದರೂ ದಿನಕ್ಕೆ 3 ಗಂಟೆಯ ಸಾಲ; ಆರು ದಿನಕ್ಕೆ 18. ಭಾನುವಾರ ತೀರಿಸೋಣವೆಂದರೆ ಅಂದು ಕೋಚಿಂಗಿನ ಪರೀಕ್ಷೆ. ಇಷ್ಟು ಸಾಲ ಹೊತ್ತ ಮನಸ್ಸು ಸಿಡುಕುತ್ತದೆ, ಮಂಕಾಗುತ್ತದೆ, ಸಣ್ಣ ಮಾತಿಗೂ ಅಳುತ್ತದೆ. ಅದನ್ನು ಕಂಡು ನಾವು "ಈಗಿನ ಮಕ್ಕಳಿಗೆ ಸಹನೆಯಿಲ್ಲ" ಎಂದು ತೀರ್ಪು ಕೊಡುತ್ತೇವೆ. ಜೇಬಿನ ಹಣವನ್ನೆಲ್ಲ ಕಿತ್ತುಕೊಂಡು ಮಿತವ್ಯಯದ ಉಪದೇಶ ಮಾಡುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

"ಬ್ರಾಹ್ಮೀ ಮುಹೂರ್ತದಲ್ಲಿ ಓದಿದ್ದು ತಲೆಗೆ ಹತ್ತುತ್ತದೆ, ನಾವೂ ಹಾಗೆಯೇ ಓದಿದವರು" ಎನ್ನುವ ಗೃಹಸ್ಥರಿದ್ದಾರೆ. ಸ್ವಾಮೀ, ಬೆಳಗಿನ ಜಾವ ಎದ್ದದ್ದು ನಿಮಗೆ ನೆನಪಿದೆ. ರಾತ್ರಿ ಒಂಬತ್ತಕ್ಕೆ ಮಲಗಿದ್ದು ಮರೆತುಹೋಗಿದೆ. ಹದಿಹರೆಯದಲ್ಲಿ ನಿದ್ದೆಗೆ ಅಣಿಮಾಡುವ ಮೆಲಟೋನಿನ್ ರಾತ್ರಿ ತಡವಾಗಿ ಸ್ರವಿಸುತ್ತದೆ. ಆ ವಯಸ್ಸಿನವರಿಗೆ ಬೇಗ ನಿದ್ದೆ ಹತ್ತದಿರುವುದೂ ಬೆಳಿಗ್ಗೆ ಬೇಗ ಏಳಲಾಗದಿರುವುದೂ ಸೋಮಾರಿತನವಲ್ಲ, ಶರೀರಧರ್ಮ. ಹಗಲು ಓದಿದ್ದು ನೆನಪಿನಲ್ಲಿ ನೆಲೆಯೂರಲೂ ನಿದ್ದೆ ಬೇಕು. ನಿದ್ದೆ ಕದ್ದು ಓದಿಸುವುದೆಂದರೆ ತೂತು ಕೊಡಕ್ಕೆ ನೀರು ಸೇದಿ ತುಂಬಿದಂತೆ.

ಈ ನಡುವೆ ಮನಸ್ಸಿನ ಆರೈಕೆಯೂ ಅಂಗಡಿಯ ಸರಕಾಗಿದೆ. ಪರಿಮಳದ ಮೇಣದಬತ್ತಿ, ಉಸಿರಾಟ ಕಲಿಸುವ ಮೊಬೈಲ್ ಆ್ಯಪ್, ದಿನಕ್ಕೊಂದು ಸದ್ವಿಚಾರ! ಪ್ರಾಣಾಯಾಮದ ಮೇಲೆ ನನಗೆ ಜಗಳವಿಲ್ಲ. ಹತ್ತು ನಿಮಿಷ ಕಣ್ಣು ಮುಚ್ಚಿ ಕೂರುವುದು ಒಳ್ಳೆಯದೇ. ಆದರೆ ಐದು ಗಂಟೆ ಮಲಗಿದವಳು ಕಣ್ಣು ಮುಚ್ಚಿದರೆ ಬರುವುದು ಧ್ಯಾನವಲ್ಲ, ಗೊರಕೆ.

ತರುಣರ ಪಾಲಿಗೆ ಹೊಣೆಯೇ ಇಲ್ಲವೆಂದಲ್ಲ. ಹಾಸಿಗೆಗೆ ಮೊಬೈಲನ್ನು ಒಯ್ಯುವವರು ಅವರೇ. ಆದರೆ "ಅದನ್ನು ಹಜಾರದಲ್ಲಿಟ್ಟು ಮಲಗು" ಎಂದು ಗದರಿಸುವ ತಂದೆಯ ಮೊಬೈಲು ಎಲ್ಲಿದೆ? ದಿಂಬಿನ ಕೆಳಗೆ!

ಸರ್ಕಾರ ಸುಮ್ಮನಿದೆಯೆಂದೂ ಹೇಳುವಂತಿಲ್ಲ. 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಕೋಚಿಂಗ್ ಕೇಂದ್ರಗಳಿಗೆ ಮಾರ್ಗಸೂಚಿ ಹೊರಡಿಸಿತು: ದಿನಕ್ಕೆ 5 ಗಂಟೆ ಮೀರಿ ಪಾಠ ಕೂಡದು, ತೀರ ಬೆಳಿಗ್ಗೆಯೂ ತೀರ ರಾತ್ರಿಯೂ ಕೂಡದು, ವಾರಕ್ಕೊಂದು ರಜೆ ಬೇಕು. 2025ರ ಜುಲೈಯಲ್ಲಿ ಸುಪ್ರೀಂ ಕೋರ್ಟು, 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ವಿದ್ಯಾಸಂಸ್ಥೆಗಳಲ್ಲಿ ಅರ್ಹ ಆಪ್ತಸಲಹೆಗಾರರು ಇರಬೇಕೆಂದು ವಿಧಿಸಿತು. ಒಳ್ಳೆಯ ಮಾತುಗಳು. ಆದರೆ ಐದೂವರೆಯ ಪಾಠಕ್ಕೆ ಮಕ್ಕಳನ್ನು ಸ್ಕೂಟರಿನ ಹಿಂದೆ ಕೂರಿಸಿ ಬಿಟ್ಟುಬರುವವರು ಯಾರು? ಗಿರಾಕಿಗಳಿರುವ ತನಕ ಅಂಗಡಿ ಮುಚ್ಚೀತೆ?

ಒಂದು ಎಚ್ಚರಿಕೆಯ ಮಾತು. ನಿದ್ದೆ ಎಲ್ಲ ರೋಗಕ್ಕೂ ಮದ್ದಲ್ಲ. ಎರಡು ವಾರ ಕಳೆದರೂ ಮಂಕು ಹರಿಯದಿದ್ದರೆ, ಊಟ, ಆಟ, ಗೆಳೆತನ ಎಲ್ಲ ಬೇಡವಾದರೆ, ವೈದ್ಯರನ್ನು ಕಾಣಬೇಕು. ಬದುಕು ಸಾಕೆಂಬ ಮಾತು ಬಾಯಿಗೆ ಬಂತೆಂದರೆ ಒಂದು ದಿನವೂ ಕಾಯಕೂಡದು. 2022ರ ಅಕ್ಟೋಬರಿನಲ್ಲಿ ಆರಂಭವಾದ 'ಟೆಲಿ ಮಾನಸ್' ಸೇವೆ 14416 ಸಂಖ್ಯೆಯಲ್ಲಿ ಹಗಲೂ ರಾತ್ರಿ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಮಕ್ಕಳ ಜಾತಕ ಹಿಡಿದು ಊರೂರು ಅಲೆಯಲು ನಾಚದ ನಾವು ಇದಕ್ಕೆ ನಾಚಬೇಕಾಗಿಲ್ಲ.

ದಿನದಿನದ ಆರೈಕೆಗೆ ಬೇಕಾದದ್ದು ದುಬಾರಿಯದೇನಲ್ಲ. ಮಲಗಲು ಒಂದು ಇಡೀ ರಾತ್ರಿ, ನಡೆದಾಡಲು ಸಂಜೆಯ ಅರ್ಧ ಗಂಟೆ, ಅಂಕಗಳ ಸುದ್ದಿಯಿಲ್ಲದ ಒಂದು ಊಟ. ಇಷ್ಟನ್ನು ಮಕ್ಕಳು ತಾವಾಗಿಯೇ ಸಂಪಾದಿಸಿಕೊಳ್ಳಲಾರರು; ಬೀಗದಕೈ ನಮ್ಮ ಸೊಂಟದಲ್ಲಿದೆ.

ಕಳೆದ ವಾರ ನೆರೆಮನೆಯ ಬಾಗಿಲು ತಟ್ಟಿ, ಆ ಬೆಳಗಿನ ಟ್ಯೂಷನ್ ಬಿಡಿಸಿರೆಂದು ಹುಡುಗಿಯ ತಂದೆಯನ್ನು ಕೇಳಿಕೊಂಡೆ. "ಪರೀಕ್ಷೆ ಮುಗಿಯಲಿ, ನೋಡೋಣ" ಎಂದರು. ನಾನು ವಿಳಾಸ ಕೊಟ್ಟಾಗ ಅವರು ಒಂದು ದಿನವೂ ತಡಮಾಡಿರಲಿಲ್ಲ.